ಕಂಡದ್ದೋ, ಊಹಿಸಿದ್ದೋ?

‘ಸ್ಕ್ಯಾನಿನಲ್ಲಿ ಗಡ್ಡೆ ಕಾಣಿಸಿದೆ’ ಎಂಬ ಮಾತು ಆಸ್ಪತ್ರೆಯ ಮೊಗಸಾಲೆಗಳಲ್ಲಿ ದಿನವೂ ಕೇಳಿಬರುತ್ತದೆ. ಆಡುವವರಿಗಾಗಲಿ ಕೇಳುವವರಿಗಾಗಲಿ ಅದರಲ್ಲಿ ಸಂದೇಹಕ್ಕೆ ಎಡೆಯಿರುವಂತೆ ತೋರದು. ಕಣ್ಣಾರೆ ಕಂಡದ್ದಕ್ಕಿಂತ ಮಿಗಿಲಾದ ಸಾಕ್ಷ್ಯ ಯಾವುದಿದ್ದೀತು? ಆದರೆ ಎಂಆರ್‌ಐ ಯಂತ್ರವು ಕೊಡುವ ಚಿತ್ರ ಕಣ್ಣಾರೆ ಕಂಡ ಪ್ರತ್ಯಕ್ಷವೋ, ಕುರುಹಿನಿಂದ ಊಹಿಸಿದ ಅನುಮಾನವೋ ಎಂಬ ಪ್ರಶ್ನೆ ತರ್ಕಪಂಡಿತರ ವಿನೋದ ಮಾತ್ರವಲ್ಲ. ತಲೆಬುರುಡೆಯನ್ನು ತೆರೆಯಬೇಕೆ, ನಡೆಯುತ್ತಿರುವ ಚಿಕಿತ್ಸೆಯನ್ನು ಮುಂದುವರಿಸಬೇಕೆ ಎಂಬ ನಿರ್ಧಾರಗಳು ಅದರ ಮೇಲೆ ನಿಂತಿವೆ. ಅದು ಅನುಮಾನವೇ ಎಂಬುದು ನನ್ನ ಪಕ್ಷ.

ಒಂದೂವರೆ ಇಲ್ಲವೆ ಮೂರು ಟೆಸ್ಲಾದಷ್ಟು ಪ್ರಬಲವಾದ ಕಾಂತಕ್ಷೇತ್ರದೊಳಗೆ ರೋಗಿಯನ್ನು ಮಲಗಿಸಿ, ಅವನ ಶರೀರದ ನೀರಿನಲ್ಲಿ ಅಡಗಿರುವ ಜಲಜನಕದ ಪರಮಾಣುಬೀಜಗಳನ್ನು ರೇಡಿಯೋ ತರಂಗದಿಂದ ಕದಲಿಸಿ, ಅವು ಪೂರ್ವಸ್ಥಿತಿಗೆ ಮರಳುವಾಗ ಹೊಮ್ಮುವ ಅತಿಕ್ಷೀಣ ಸಂಕೇತವನ್ನು ಹಿಡಿದು, ಆ ಸಂಕೇತರಾಶಿಯನ್ನು ಗಣಿತದಿಂದ ಬಿಡಿಸಿ, ಬಂದ ಸಂಖ್ಯೆಗಳಿಗೆ ಕಪ್ಪುಬಿಳುಪಿನ ಛಾಯೆಗಳನ್ನು ಹಚ್ಚಿದ ಮೇಲೆ ಚಿತ್ರವೆಂಬುದು ನಮ್ಮ ಮುಂದೆ ಬರುತ್ತದೆ. ಪರಮಾಣುಬೀಜಗಳು ತರಂಗಕ್ಕೆ ಹೀಗೆ ಓಗೊಡುವ ಅನುರಣನವನ್ನು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ 1946ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದಾಗ ಅವರ ಮನಸ್ಸಿನಲ್ಲಿ ರೋಗಿಯಿರಲಿಲ್ಲ. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಅದೇ ಸಂಕೇತ ಹೇಗೆ ಬದಲಾಗುವುದೆಂದು ಪರೀಕ್ಷಿಸಿದಾಗಲೂ ಇರಲಿಲ್ಲ. (ಆ ಕೆಲಸದ ನೆನಪು ಅದು ನಡೆದ ಊರಿನಲ್ಲೇ ಇಷ್ಟು ವಿರಳವಾಗಿರುವುದು ನ್ಯಾಯವಲ್ಲ.) ಇಲಿಗಳ ಗಡ್ಡೆಯಲ್ಲಿ ಪೂರ್ವಸ್ಥಿತಿಗೆ ಮರಳುವ ಕಾಲವು ಸ್ವಸ್ಥ ಅಂಗಾಂಶದಲ್ಲಿರುವುದಕ್ಕಿಂತ ದೀರ್ಘವೆಂದು ರೇಮಂಡ್ ಡಮೇಡಿಯನ್ ತೋರಿಸಿದ್ದು 1971ರಲ್ಲಿ, ಸಂಕೇತದಿಂದ ಚಿತ್ರವನ್ನು ಕಟ್ಟುವ ಬಗೆಯನ್ನು ಪಾಲ್ ಲಾಟರ್ಬರ್ ಹೇಳಿದ್ದು 1973ರಲ್ಲಿ. ಅಳತೆ ಮೊದಲು, ಚಿತ್ರ ಆಮೇಲೆ.

ಗ್ಲಯೋಬ್ಲಾಸ್ಟೋಮಾ ಎಂಬ ದಾರುಣವಾದ ಗಡ್ಡೆಯ ಚಿತ್ರವೊಂದನ್ನು ಸಮೀಪದಿಂದ ನೋಡೋಣ. ಗ್ಯಾಡೊಲಿನಿಯಂ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿ ತೆಗೆದ ಚಿತ್ರದಲ್ಲಿ ಉಂಗುರಾಕೃತಿಯೊಂದು ಬೆಳ್ಳಗೆ ಹೊಳೆಯುತ್ತದೆ. ಅಂಚು ಒಂದೆಡೆ ದಪ್ಪ, ಇನ್ನೊಂದೆಡೆ ತೆಳು. ನಡುವೆ ಸತ್ತ ಅಂಗಾಂಶದ ಕಪ್ಪು. ಆ ಉಂಗುರವೇ ಗಡ್ಡೆಯೆಂದು ನೋಡುವವನು ನಂಬುತ್ತಾನೆ. ವಾಸ್ತವವಾಗಿ ಅದು, ರಕ್ತಕ್ಕೂ ಮೆದುಳಿಗೂ ನಡುವೆ ಸೂಕ್ಷ್ಮನಾಳಗಳ ಗೋಡೆಯಲ್ಲಿ ನಿಸರ್ಗವು ಇಟ್ಟಿರುವ ತಡೆ ಒಡೆದು, ಗ್ಯಾಡೊಲಿನಿಯಂ ಸೋರಿದ ಜಾಗ. ಆ ತಡೆಯನ್ನು ಗಡ್ಡೆ ಒಡೆಯಬಲ್ಲುದು, ಸೋಂಕು ಒಡೆಯಬಲ್ಲುದು, ಗಡ್ಡೆಯನ್ನು ನಾಶಮಾಡಲೆಂದು ಕೊಟ್ಟ ವಿಕಿರಣವೂ ಒಡೆಯಬಲ್ಲುದು. ನ್ಯಾಯಶಾಸ್ತ್ರದ ಹಳೆಯ ದೃಷ್ಟಾಂತವನ್ನು ನೆನೆಯೋಣ: ಹೊಗೆ ಬೆಂಕಿಯನ್ನು ಬಿಟ್ಟಿರದು, ಅದಕ್ಕೇ ಬೆಟ್ಟದಲ್ಲಿ ಹೊಗೆ ಕಂಡವನು ಬೆಂಕಿಯುಂಟೆನ್ನಬಹುದು. ಬೆಂಕಿಯಾದರೋ ಹೊಗೆಯನ್ನು ಬಿಟ್ಟಿರಬಲ್ಲುದು, ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ, ಅದಕ್ಕೇ ಬೆಂಕಿಯಿಂದ ಹೊಗೆಯನ್ನು ಊಹಿಸಿದವನು ಎಡವುತ್ತಾನೆ. ಊಹಿಸಬೇಕಾದ ವಸ್ತು ಇಲ್ಲದೆಡೆಯಲ್ಲೂ ತೋರುವ ಇಂಥ ಕುರುಹನ್ನು ಆ ಶಾಸ್ತ್ರದ ನೈಯಾಯಿಕರು ವ್ಯಭಿಚಾರಿ ಹೇತುವೆಂದರು. ಹೊಳೆಯುವ ಉಂಗುರ ಆ ಜಾತಿಯದು. ವಿಕಿರಣ ಮುಗಿದ ಮೊದಲ ಮೂರು ತಿಂಗಳಲ್ಲಿ ಉಂಗುರ ಹಿಗ್ಗಿ, ಔಷಧವನ್ನು ಬದಲಿಸದಿದ್ದರೂ ತಾನಾಗಿ ಕುಗ್ಗುವುದುಂಟು. ಗಡ್ಡೆ ಬೆಳೆಯಿತೆಂದು ಬೆದರಿ, ಫಲ ಕೊಡುತ್ತಿದ್ದ ಚಿಕಿತ್ಸೆಯನ್ನೇ ನಿಲ್ಲಿಸುವ ಅಪಾಯ ಅಲ್ಲಿದೆ. ಇದಕ್ಕೆ ವಿಪರೀತವಾಗಿ, ಬೆವಾಸಿಜುಮ್ಯಾಬ್ ಎಂಬ ಔಷಧದಿಂದ ನಾಳಗಳ ಸೋರಿಕೆ ತಗ್ಗಿ ಉಂಗುರ ಬೇಗನೆ ಮಾಸುತ್ತದೆ, ಗಡ್ಡೆಯ ಕೋಶಗಳು ಮಾತ್ರ ಹರಡುತ್ತಲೇ ಇರಬಹುದು. ಹೊಳಪಿನ ಅಳತೆಯನ್ನೇ ಮುಖ್ಯ ಪ್ರಮಾಣವಾಗಿಟ್ಟು 1990ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು ಚಿಕಿತ್ಸೆಯ ಫಲವನ್ನು ನಿರ್ಣಯಿಸಲು ರಚಿಸಿದ್ದ ನಿಯಮಗಳನ್ನು 2010ರಲ್ಲಿ ತಿದ್ದಬೇಕಾಗಿ ಬಂದದ್ದು ಇಂಥ ಅನುಭವಗಳಿಂದ.

ಸುಧಾರಿತ ವಿಧಾನಗಳ ಬೆಲೆ ತಿಳಿಯುವುದು ಇಲ್ಲಿಯೇ. ಅವು ನಮ್ಮ ಕಣ್ಣನ್ನು ಚುರುಕುಗೊಳಿಸಿದುವೆಂಬ ಹೊಗಳಿಕೆ ಸಲ್ಲದು. ಅವು ಹೇತುಗಳನ್ನು ಹೆಚ್ಚಿಸಿದುವು. 1980ರ ದಶಕದ ನಡುವೆ ಡೆನಿ ಲ ಬಿಯಾನ್ ರೂಪಿಸಿದ ವಿಧಾನವು ನೀರಿನ ಅಣುಗಳ ಸಂಚಾರವನ್ನು ಅಳೆದು, ಕೋಶಗಳು ಒತ್ತೊತ್ತಾಗಿರುವ ಕಡೆ ಅದು ಅಡಚಿಕೊಂಡಿರುವುದನ್ನು ತಿಳಿಸುತ್ತದೆ. ರಕ್ತಸಂಚಾರದ ಅಳತೆಯು ಗಡ್ಡೆ ಹೊಸ ನಾಳಗಳನ್ನು ಕಟ್ಟಿಕೊಂಡಿದೆಯೆ ಎಂದು ವಿಚಾರಿಸುತ್ತದೆ. ರೋಹಿತ ವಿಧಾನವು ಚಿತ್ರವನ್ನೇ ಬಿಟ್ಟು ಏರಿಳಿಯುವ ಗೆರೆಯೊಂದನ್ನು ಬರೆಯುತ್ತದೆ, ಅದರಲ್ಲಿ ಕೋಲೀನಿನ ಶಿಖರ ಏರಿ, ನರಕೋಶಗಳ ಕುರುಹಾದ ಎನ್-ಅಸಿಟೈಲ್ ಆಸ್ಪಾರ್ಟೇಟಿನ ಶಿಖರ ತಗ್ಗಿದ್ದರೆ ಗಡ್ಡೆಯ ಶಂಕೆ ಬಲವಾಗುತ್ತದೆ. ಇವೂ ದೋಷರಹಿತವಲ್ಲ. ಕೀವು ತುಂಬಿದ ಬಾವಿನಲ್ಲಿಯೂ ನೀರಿನ ಸಂಚಾರ ಅಡಚಿರುತ್ತದೆ. ಆಲಿಗೊಡೆಂಡ್ರೊಗ್ಲಯೋಮಾ ಕೆಳದರ್ಜೆಯದಾಗಿದ್ದರೂ ರಕ್ತಸಮೃದ್ಧವಾಗಿರಬಹುದು. ಆದರೆ ಒಂದೊಂದೂ ತಪ್ಪುವ ಕಾರಣ ಬೇರೆಬೇರೆಯಾದುದರಿಂದ ಅವುಗಳ ಒಮ್ಮತಕ್ಕೆ ತೂಕವಿದೆ. ಐಡಿಎಚ್ ಎಂಬ ಜೀನಿನ ವಿಕೃತಿಯಿಂದ ಗಡ್ಡೆಯಲ್ಲಿ ಶೇಖರವಾಗುವ 2-ಹೈಡ್ರಾಕ್ಸಿಗ್ಲುಟರೇಟನ್ನು ತಲೆ ತೆರೆಯದೆಯೇ ಅಳೆಯಬಹುದೆಂದು 2012ರ ವೇಳೆಗೆ ತೋರಿಸಲಾಯಿತು. ಬಿಟ್ಟಿರಲಾರದ ಹೇತುವಿಗೆ ಇಷ್ಟು ಹತ್ತಿರ ಬಂದದ್ದು ಬೇರೊಂದಿಲ್ಲವೆಂದೇ ನನ್ನೆಣಿಕೆ.

ಗಡ್ಡೆ ಎಲ್ಲಿಗೆ ಮುಗಿಯುತ್ತದೆಂಬ ಪ್ರಶ್ನೆಗೆ ಮಾತ್ರ ಯಾವ ಯಂತ್ರವೂ ಉತ್ತರಿಸಲಾರದು. ವಾಲ್ಟರ್ ಡ್ಯಾಂಡಿ 1928ರಲ್ಲಿ ಮೆದುಳಿನ ಬಲ ಅರ್ಧವನ್ನೇ ತೆಗೆದ ಶಸ್ತ್ರಕ್ರಿಯೆಗಳನ್ನು ವರದಿ ಮಾಡಿದ. ಅಷ್ಟಾದರೂ ಗಡ್ಡೆ ಮರಳಿ ಬಂದಿತು. ಹೊಳೆಯುವ ಉಂಗುರದಾಚೆ ಒಂಟಿಒಂಟಿಯಾಗಿ ಗಡ್ಡೆಯ ಕೋಶಗಳಿರುವುದನ್ನು 1987ರಲ್ಲಿ ಪ್ಯಾಟ್ರಿಕ್ ಕೆಲಿ ಮತ್ತು ಸಂಗಡಿಗರು ಬಯಾಪ್ಸಿಯಿಂದ ದೃಢಪಡಿಸಿದರು. ಶಸ್ತ್ರವೈದ್ಯನು ಎಳೆಯುವ ಗೆರೆ ಕಂಡ ಗಡಿಯಲ್ಲ; ರೋಗಿಯ ಮಾತು, ಕೈಕಾಲಿನ ಚಲನೆ ಇವುಗಳನ್ನು ತೂಗಿನೋಡಿ ಮಾಡಿದ ತೀರ್ಮಾನ.

ಹಾಗಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ಕಾಣುವುದಾದರೂ ಪ್ರತ್ಯಕ್ಷವೆ ಎಂದು ಪ್ರತಿವಾದಿ ಕೇಳಬಹುದು. ಅದೂ ಪೂರ್ಣವಾಗಿ ಅಲ್ಲ; ಸೂಜಿ ಹೊಕ್ಕ ಜಾಗ ಗಡ್ಡೆಯ ಸೌಮ್ಯಭಾಗವಾಗಿರಬಹುದು. ಕೋಶಗಳ ರೂಪವೊಂದೇ ಸಾಲದೆಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಜೀನುಗಳ ಲಕ್ಷಣಗಳನ್ನೂ ಸೇರಿಸಿಕೊಂಡಿತು. ಅನುಮಾನವೆಂದೊಡನೆ ಅದನ್ನು ಹೀಗಳೆಯಬೇಕಾಗಿಲ್ಲ. ಅದು ಜ್ಞಾನದ ಪ್ರಮಾಣಗಳಲ್ಲೊಂದು, ಹೇತುವನ್ನು ಹೇಳಬೇಕೆಂಬ ಹೊಣೆಯೊಂದೇ ಅದರ ಮೇಲಿರುವುದು. ಆದುದರಿಂದ ವರದಿ ಬರೆಯುವ ವೈದ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಗಡ್ಡೆ ಬೆಳೆದಿದೆ ಎಂಬ ನಿರ್ಣಯದ ಜೊತೆಗೆ, ಅದನ್ನು ಯಾವ ಕುರುಹುಗಳಿಂದ ಊಹಿಸಿದಿರಿ, ಬೇರೆ ಯಾವುದರಿಂದ ಆ ಕುರುಹುಗಳು ಬಂದಿರಬಹುದು ಎಂಬುದನ್ನೂ ಎರಡು ಸಾಲಿನಲ್ಲಿ, ರೋಗಿಯ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ.