ಕೆಂಡದ ರೊಟ್ಟಿ

ಭಕ್ತಿಯು ಕಾಣುವುದು ಪೂಜೆಯ ಹೊತ್ತಿನಲ್ಲಿ. ಅದು ಬೆಂದಿದೆಯೋ ಇಲ್ಲವೋ ತಿಳಿಯುವುದು ಹಸಿವಿನ ಹೊತ್ತಿನಲ್ಲಿ. ಇದಕ್ಕೆ ಜೋಳದ ರೊಟ್ಟಿಗಿಂತ ಹತ್ತಿರದ ದೃಷ್ಟಾಂತ ಬೇಕಿಲ್ಲ.

ಪ್ರತಿವರ್ಷ ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಸದ್ಭಕ್ತರು ಶ್ರೀಶೈಲದ ಮಲ್ಲಿಕಾರ್ಜುನನ ದರ್ಶನಕ್ಕೆ ಕಾಲ್ನಡೆಯಿಂದ ತೆರಳುತ್ತಾರೆ. ದಾರಿಯಲ್ಲಿ ಅನ್ನದಾಸೋಹಗಳು ನಡೆಯುತ್ತವೆ. ಆದರೂ ಹಿಟ್ಟು ಕಟ್ಟಿಕೊಂಡು ಹೊರಟವರು ಬಯಲಿನಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಸುಡುವುದುಂಟು.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಡಿಯುವಾಗಲೇ ಬಿರಿಯುತ್ತದೆ. ಕುದಿವ ನೀರು ಬಿದ್ದರೆ ಒಂದಿಷ್ಟು ಬೆಂದು ಕೂಡಿಕೊಳ್ಳುತ್ತದೆ. ಅದನ್ನು ನಾದಿ, ಅಂಗೈಯಿಂದ ಬಡಿದು, ಕಾದ ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ನೀರು ಆರುತ್ತಲೇ ತಿರುವಿ ಹಾಕುತ್ತಾರೆ. ಕಡೆಗೆ ಒಲೆಯ ಬಾಯಿಗೆ ಎಳೆದ ಕೆಂಡಕ್ಕೆ ಒಡ್ಡಿದಾಗ ಒಳಗಿನ ತೇವವು ಆವಿಯಾಗಿ ರೊಟ್ಟಿ ಉಬ್ಬುತ್ತದೆ.

ಹಸಿದವನು ಅವಸರಪಟ್ಟು ಉರಿಗೇ ಹಿಡಿದರೆ ಮೇಲೆ ಕರಿ, ಒಳಗೆ ಹಸಿ. ಅಬ್ಬರ ಉರಿಯದು, ಬೇಯಿಸುವ ಗುಣ ಕೆಂಡದ್ದು. ಹಣೆತುಂಬ ವಿಭೂತಿ ಧರಿಸಿ, ಹತ್ತು ಜನರ ಮುಂದೆ ಹಾಡಿ, ಬಾಗಿಲಿಗೆ ಬಂದ ಹಸಿದವನನ್ನು ಕಾಣದವನ ಭಕ್ತಿಯೂ ಉರಿಗೆ ಹಿಡಿದ ರೊಟ್ಟಿಯೇ ಸರಿ.

ನಿಜವಾದ ಪರೀಕ್ಷೆ ಮೊದಲ ರೊಟ್ಟಿಯದು. ಚೀಲದಲ್ಲಿ ಹಿಟ್ಟು ಸ್ವಲ್ಪ. ದಾರಿ ಇನ್ನೂ ದೂರ. ಆಗಲೇ ಅಪರಿಚಿತನೊಬ್ಬನು ಒಲೆಯ ಬಳಿ ಬಂದು ನಿಲ್ಲುತ್ತಾನೆ. ‘ನಾಳೆಗೆ ಬೇಕಲ್ಲ’ ಎಂದು ಮನಸ್ಸು ಲೆಕ್ಕ ಹಾಕುತ್ತದೆ. 12ನೆಯ ಶತಮಾನದಲ್ಲಿ ಇಂಥದೇ ಲೆಕ್ಕಕ್ಕೆ ಆಯ್ದಕ್ಕಿ ಲಕ್ಕಮ್ಮನು ಉತ್ತರ ಕೊಟ್ಟಳು. ಪತಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ತಿಳಿಹೇಳಿದಳು. ಆ ಮನೆಯಲ್ಲಿ ಬಡತನವಿತ್ತು, ಆಸೆಯಿರಲಿಲ್ಲ. ಆದುದರಿಂದಲೇ ಅಲ್ಲಿ ದಾಸೋಹವು ನಿಲ್ಲಲಿಲ್ಲ.

ಹೊರಡುವ ಮುನ್ನ ಯಾತ್ರಿಕನು ನೀರು ಸುರಿದು ಒಲೆಯ ಕೆಂಡವನ್ನು ನಂದಿಸಬೇಕು. ಕಾಡಿಗೆ ಕಿಡಿ ತಾಗಬಾರದು. ಎದೆಯ ಕೆಂಡವನ್ನು ಮಾತ್ರ ಆರದಂತೆ ಮನೆಗೆ ಒಯ್ಯಬೇಕು. ಅಲ್ಲಿಯೂ ಒಲೆಯಿದೆ, ಅಲ್ಲಿಯೂ ಬಾಗಿಲಿಗೆ ಬರುವವರಿದ್ದಾರೆ. ಮೊದಲ ಬಿಸಿ ರೊಟ್ಟಿಯು ಹಸಿದವನ ಕೈಸೇರಿದ ಮನೆಯಲ್ಲಿ ಉಳಿದ ರೊಟ್ಟಿಗಳೆಲ್ಲ ಪ್ರಸಾದವೇ.