ಲಜ್ಜೆಯೂ ಮೌನವೂ

ಲಜ್ಜೆಯು ಕುಲೀನರಿಗೆ ಭೂಷಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹೇಳಬೇಕಾದುದನ್ನು ತಕ್ಕ ಕಾಲದಲ್ಲಿ ಹೇಳದಿರುವುದೂ ಲಜ್ಜೆಯೆನಿಸುವುದೇ ಎಂಬುದು ವಿಚಾರಣೀಯ. ಕಿಶೋರಿಯರ ಅಕಾಲಗರ್ಭವನ್ನು ತಡೆಯುವಲ್ಲಿ ಪಾಠಶಾಲೆಯ ಕರ್ತವ್ಯವೇನೆಂಬ ಚರ್ಚೆಯಲ್ಲಿ ಈ ಪ್ರಶ್ನೆಯೇ ಎದುರಿಗೆ ಬಂದು ನಿಲ್ಲುವುದು.

ಕೇಂದ್ರಸರಕಾರವು ಪ್ರಚಾರಕ್ಕೆ ತಂದ ಕಿಶೋರಾವಸ್ಥಾ ಶಿಕ್ಷಣದ ಪಾಠಗಳನ್ನು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದವು. ಇಂಥ ಪಾಠಗಳು ನಮ್ಮ ಸಂಸ್ಕೃತಿಗೆ ಒಗ್ಗವೆಂಬುದು ಆಕ್ಷೇಪ. ಆದರೆ ಸುಶ್ರುತನು ಶಾರೀರಸ್ಥಾನದಲ್ಲಿ, ಹದಿನಾರು ತುಂಬದವಳಲ್ಲಿ ನಿಂತ ಗರ್ಭವು ಒಡಲಲ್ಲಿಯೇ ನಾಶಹೊಂದುವುದು, ಹುಟ್ಟಿದರೂ ಚಿರಕಾಲ ಬಾಳದು ಎಂದು ನಿಸ್ಸಂಕೋಚವಾಗಿ ಹೇಳಿದ್ದಾನೆ. ಆ ಪ್ರಾಚೀನ ವೈದ್ಯನು ಶಿಷ್ಯರಿಗೆ ಹೇಳಿಕೊಟ್ಟುದನ್ನು ಇಂದಿನ ಉಪಾಧ್ಯಾಯನು ಹೇಳಲು ನಾಚುವುದಾದರೆ, ಅದನ್ನು ಸಂಪ್ರದಾಯದ ರಕ್ಷಣೆಯೆಂದು ಕರೆಯಲಾಗದು.

ತಿಳಿವಳಿಕೆಯೇ ಆಸೆಯನ್ನು ಕೆರಳಿಸೀತೆಂಬ ಭಯವು ತಾಯಿತಂದೆಗಳಲ್ಲಿ ಸಹಜವಾದುದು. ಅದನ್ನು ಹಗುರವಾಗಿ ಕಾಣಕೂಡದು. ಆದರೆ ನಾನಾ ದೇಶಗಳ ಅನುಭವವನ್ನು ಪರಿಶೀಲಿಸಿ ಯುನೆಸ್ಕೋ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ಇಂಥ ಶಿಕ್ಷಣದಿಂದ ಮಕ್ಕಳ ನಡತೆಯು ಕೆಡುವುದಿಲ್ಲವೆಂದೇ ತಿಳಿಸುತ್ತದೆ.

ಇಷ್ಟಕ್ಕೂ ನಮ್ಮಲ್ಲಿ ಈ ಕೇಡು ಬಹುಮಟ್ಟಿಗೆ ಮದುವೆಯ ಚಪ್ಪರದಿಂದಲೇ ಬರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 15ರಿಂದ 19ರ ವಯಸ್ಸಿನವರಲ್ಲಿ ನೂರಕ್ಕೆ ಐವರಿಗೂ ಮಿಕ್ಕಿ ಆಗಲೇ ತಾಯಂದಿರೋ ಗರ್ಭಿಣಿಯರೋ ಆಗಿದ್ದರು. 2016ರ ತಿದ್ದುಪಡಿಯು ಈ ರಾಜ್ಯದಲ್ಲಿ ಬಾಲ್ಯವಿವಾಹವನ್ನು ಮೂಲತಃ ಅಸಿಂಧುವೆಂದು ಸಾರಿದೆ. 2012ರ ಪೋಕ್ಸೋ ಕಾಯಿದೆಯಂತೆ ಇಂಥ ಸಂಗತಿಯನ್ನು ಪೊಲೀಸರಿಗೆ ತಿಳಿಸುವುದು ವೈದ್ಯನಿಗೂ ಕಡ್ಡಾಯ. ಆದರೆ ಕಾಯಿದೆಯ ಭಯದಿಂದ ಮನೆಯವರು ಬಸುರಿಯನ್ನು ಆಸ್ಪತ್ರೆಗೇ ಒಯ್ಯದಿದ್ದರೆ ಶಿಕ್ಷೆಯನ್ನು ಅನುಭವಿಸತಕ್ಕವಳು ಅವಳೇ. ಆದುದರಿಂದ ಹೇಳುವುದೇನಿದ್ದರೂ ಮೊದಲೇ ಹೇಳತಕ್ಕುದು.

ಹರಪನಹಳ್ಳಿಯ ಸೀಮೆಗೆ ಇದು ಹೊಸ ಪಾಠವೇನೂ ಅಲ್ಲ. ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಕಾಲಕ್ಕೆ ಬಡವರ ಬಾಲಿಕೆಯರಿಗೆ ಮುತ್ತು ಕಟ್ಟುತ್ತಿದ್ದುದನ್ನು ಇಲ್ಲಿನ ವೃದ್ಧರು ಬಲ್ಲರು. 1982ರ ಕಾಯಿದೆಯು ಅದನ್ನು ನಿಷೇಧಿಸಿತು. ಕೊರಳಿಗೆ ಬಿದ್ದ ಆ ಮುತ್ತಿನ ಅರ್ಥವನ್ನು ಮಗುವಿಗೆ ಹೇಳುವುದು ಅಸಭ್ಯವೆಂದು ಊರು ಭಾವಿಸಿತ್ತು. ಕಟ್ಟುವುದು ಅಸಭ್ಯವೆಂದು ಭಾವಿಸಲಿಲ್ಲ. ಮೌನವು ಅಲ್ಲಿ ಕಾಪಾಡಿದುದು ಬಾಲಿಕೆಯ ಮಾನವನ್ನಲ್ಲ, ಕಟ್ಟಿದವರ ಮತ್ತು ನೋಡಿ ಸುಮ್ಮನಿದ್ದವರ ಮಾನವನ್ನು.

2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಇಬ್ಬರು ಉಪಾಧ್ಯಾಯರಿಗೆ ತರಬೇತಿ ಕೊಟ್ಟು, ವಾರಕ್ಕೊಂದು ಗಂಟೆ ಆರೋಗ್ಯದ ಪಾಠ ನಡೆಯಬೇಕೆಂದು ವಿಧಿಸಿತು. ಆ ಒಂದು ಗಂಟೆಯನ್ನು ಗಣಿತಕ್ಕೆ ತಿರುಗಿಸಿಕೊಳ್ಳುವುದು ಸುಲಭ. ಆದರೆ ಹೆಣ್ಣುಮಕ್ಕಳಿಗೆ ಶರೀರಧರ್ಮವನ್ನೂ, ಒಲ್ಲೆನೆನ್ನುವ ಹಕ್ಕನ್ನೂ, 1098 ಎಂಬ ಮಕ್ಕಳ ಸಹಾಯವಾಣಿಯನ್ನೂ ತಿಳಿಸಬೇಕು. ಗಂಡುಮಕ್ಕಳಿಗೆ ಅದಕ್ಕಿಂತ ಹೆಚ್ಚಾಗಿ ಸಂಯಮವನ್ನೂ ಹೊಣೆಯನ್ನೂ ತಿಳಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಪಾಠಕ್ಕೆ ಬಾರದ ಹುಡುಗಿಯು ಏಕೆ ಬರಲಿಲ್ಲವೆಂದು ಅಂದೇ ವಿಚಾರಿಸಬೇಕು.

ಕಾಳಿದಾಸನ ನಾಟಕದಲ್ಲಿ ಶಕುಂತಲೆಗೆ ವಿಪತ್ತು ಅಂಕುರಿಸಿದಾಗ ಕಣ್ವರು ಆಶ್ರಮದಲ್ಲಿರಲಿಲ್ಲ. ಅವರು ಸೋಮತೀರ್ಥಕ್ಕೆ ಹೋಗಿದ್ದರು. ಇಂದಿನ ಗುರುವು ತರಗತಿಯಲ್ಲಿಯೇ ಇದ್ದುಕೊಂಡು ಮೌನವಾಗಿದ್ದರೆ, ಅವನು ಹೇಳಿಕೊಳ್ಳಲು ಅಂಥ ಯಾತ್ರೆಯೂ ಇಲ್ಲ.