ಡೊನಾಲ್ಡ್ ಬೆಲ್ ಮತ್ತು ಕರ್ತೃತ್ವದ ಪ್ರಶ್ನೆ

ಒಂದು ಕಾರ್ಯ ಸಫಲವಾದಾಗ ಅದರ ಶ್ರೇಯಸ್ಸಿನಲ್ಲಿ ಮಾಡಿದವನ ಪಾಲೆಷ್ಟು, ಅವನ ಹಿಡಿತಕ್ಕೆ ಸಿಗದ ಸಂಗತಿಗಳ ಪಾಲೆಷ್ಟು ಎಂಬುದು ನೀತಿಶಾಸ್ತ್ರದ ಹಳೆಯ ತೊಡಕು. ಬ್ರಿಟಿಷ್ ಚಿಂತಕ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗಲ್ 1976ರಲ್ಲಿ ಇದನ್ನು ‘ನೈತಿಕ ಅದೃಷ್ಟ’ದ ಸಮಸ್ಯೆ ಎಂದು ಹೆಸರಿಸಿದರು, ಎಂದರೆ, ಮನುಷ್ಯನ ವಶದಲ್ಲಿಲ್ಲದ ಸಂಗತಿಗಳು ಅವನಿಗೆ ಸಲ್ಲುವ ಹೊಗಳಿಕೆ ತೆಗಳಿಕೆಗಳನ್ನು ನಿರ್ಧರಿಸುತ್ತಿರುವಾಗಲೂ ಲೋಕವು ಅವುಗಳನ್ನು ಪೂರ್ತಿಯಾಗಿ ಅವನ ಹೆಸರಿಗೇ ಬರೆದುಬಿಡುತ್ತದೆ. ಮೊದಲ ಮಹಾಯುದ್ಧದಲ್ಲಿ ಮಡಿದ ವೃತ್ತಿಪರ ಫುಟ್‌ಬಾಲ್ ಆಟಗಾರ ಡೊನಾಲ್ಡ್ ಸಿಂಪ್ಸನ್ ಬೆಲ್‌ನ ಬದುಕಿನ ಕೊನೆಯ ಆರು ದಿನಗಳು ಈ ಸಮಸ್ಯೆಯನ್ನು ಯಾವ ಕಲ್ಪಿತ ದೃಷ್ಟಾಂತಕ್ಕಿಂತಲೂ ತೀಕ್ಷ್ಣವಾಗಿ ಎದುರಿಗಿಡುತ್ತವೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹ್ಯಾರೊಗೇಟ್ ಪಟ್ಟಣದಲ್ಲಿ 1890ರ ಡಿಸೆಂಬರ್ 3ರಂದು ಹುಟ್ಟಿದ ಬೆಲ್, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿ ಶಿಕ್ಷಕ ತರಬೇತಿ ಮುಗಿಸಿ ಊರಿನ ಸಮೀಪದ ಸ್ಟಾರ್‌ಬೆಕ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಮೇಷ್ಟರ ಸಂಬಳದ ಜೊತೆಗೆ ಇನ್ನಷ್ಟು ಗಳಿಕೆಯಾಗಲೆಂದು ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ ಕ್ಲಬ್ಬಿನಲ್ಲಿ ರಕ್ಷಣಾ ಆಟಗಾರನಾಗಿ ಸೇರಿದ್ದ. ಯುದ್ಧ ಆರಂಭವಾದ ಮೇಲೂ ಫುಟ್‌ಬಾಲ್ ಲೀಗ್ ಮುಂದುವರಿದದ್ದಕ್ಕೆ ಪತ್ರಿಕೆಗಳಿಂದ ಟೀಕೆ ಬರುತ್ತಿದ್ದ 1914ರ ನವೆಂಬರಿನಲ್ಲಿ ಆತ ಕ್ಲಬ್ಬಿನ ಕರಾರಿನಿಂದ ಬಿಡುಗಡೆ ಕೇಳಿ ಪಡೆದು ಸಾಮಾನ್ಯ ಸಿಪಾಯಿಯಾಗಿ ಸೈನ್ಯಕ್ಕೆ ಸೇರಿದ. ಮರುವರ್ಷ ‘ಗ್ರೀನ್ ಹೋವರ್ಡ್ಸ್’ ಎಂದು ಹೆಸರಾದ ಯಾರ್ಕ್‌ಷೈರ್ ರೆಜಿಮೆಂಟಿನಲ್ಲಿ ಅಧಿಕಾರಿಯಾದ. 1916ರ ಜೂನ್ 5ರಂದು ಮದುವೆಯಾಗಿ, ಸರಿಯಾಗಿ ಒಂದು ತಿಂಗಳಿಗೆ, ಫ್ರಾನ್ಸಿನ ಸಾಮ್ ರಣಭೂಮಿಯಲ್ಲಿದ್ದ.

ಜುಲೈ 5ರಂದು ಹಾರ್ಸ್‌ಷೂ ಟ್ರೆಂಚ್ ಎಂಬ ಕಂದಕದ ಮೇಲಿನ ದಾಳಿಯಲ್ಲಿ ಒಂದು ಜರ್ಮನ್ ಮಷೀನ್‌ಗನ್ ಪಕ್ಕದಿಂದ ಗುಂಡಿನ ಮಳೆ ಸುರಿಸುತ್ತಿದ್ದಾಗ ಬೆಲ್, ಯಾರ ಆಜ್ಞೆಗೂ ಕಾಯದೆ, ಸಂಪರ್ಕ ಕಂದಕವೊಂದರಲ್ಲಿ ತೆವಳಿಕೊಂಡು ಹೋಗಿ, ಕಾರ್ಪೋರಲ್ ಕೋಲ್ವಿಲ್ ಮತ್ತು ಸಿಪಾಯಿ ಬೇಟಿ ಹಿಂಬಾಲಿಸುತ್ತಿದ್ದಂತೆ ಬಯಲಿಗೆ ನುಗ್ಗಿ ಓಡಿ, ಗನ್ ನಡೆಸುತ್ತಿದ್ದವನನ್ನು ರಿವಾಲ್ವರಿನಿಂದ ಕೊಂದು, ಬಾಂಬಿನಿಂದ ಆ ನೆಲೆಯನ್ನೇ ನಾಶಮಾಡಿದ. ಇದಕ್ಕೆ ಬ್ರಿಟನ್ನಿನ ಪರಮೋಚ್ಚ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು. ಆದರೆ ಆ ದಿನಗಳಲ್ಲೇ ತಾಯಿಗೆ ಬರೆದ ಪತ್ರದಲ್ಲಿ ಆತ, ತಾನು ಮಾಡಿದ್ದೇನೂ ಇಲ್ಲ, ಎಸೆದದ್ದು ಒಂದೇ ಬಾಂಬು, ಅದು ತಾಗಿದ್ದು ಬರೀ ಅದೃಷ್ಟ ಎಂಬರ್ಥದ ಮಾತು ಬರೆದಿದ್ದಾನೆ.

ಇದನ್ನು ವಿನಯವೆಂದು ಮೆಚ್ಚಿ ಮುಂದೆ ಹೋಗುವುದು ಸುಲಭ, ಆದರೆ ಅದು ಅವನ ಮಾತಿಗೆ ಮಾಡುವ ಅನ್ಯಾಯ. ಫಲ ಏನೇ ಆಗಲಿ, ಸತ್ಸಂಕಲ್ಪವೊಂದೇ ತನ್ನಷ್ಟಕ್ಕೆ ಬೆಲೆಯುಳ್ಳದ್ದು ಎಂದು 1785ರ ತನ್ನ ನೀತಿಗ್ರಂಥದಲ್ಲಿ ವಾದಿಸಿದ ಜರ್ಮನ್ ದಾರ್ಶನಿಕ ಇಮ್ಯಾನ್ಯುಯೆಲ್ ಕಾಂಟ್‌ನ ದೃಷ್ಟಿಯಲ್ಲಿ ಬಾಂಬು ತಾಗಿತೇ ತಪ್ಪಿತೇ ಎಂಬುದು ಬೆಲ್‌ನ ಯೋಗ್ಯತೆಗೆ ಸಂಬಂಧಿಸಿದ್ದೇ ಅಲ್ಲ. ಈ ನಿಲುವು ನಿರ್ಮಲವಾದದ್ದು. ಆದರೆ ಸಂಕಲ್ಪಕ್ಕೂ ಫಲಕ್ಕೂ ನಡುವೆ ಇರುವ ದೇಹವನ್ನು ಅದು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇಲ್ಲಿ ಹೆಚ್ಚು ಉಪಯುಕ್ತ: ಪ್ರತಿಯೊಂದು ಕರ್ಮಕ್ಕೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು, ಅಂದರೆ ನೆಲೆಯಾದ ಶರೀರ, ಮಾಡುವವನು, ಸಾಧನಗಳಾದ ಇಂದ್ರಿಯಗಳು, ಬಗೆಬಗೆಯ ಯತ್ನ ಮತ್ತು ಕಾಣದ ಕೈಗಳನ್ನು ಎಣಿಸಿ, ತಾನೊಬ್ಬನೇ ಕರ್ತೃವೆಂದು ಬಗೆಯುವವನ ಬುದ್ಧಿ ಸಂಸ್ಕಾರವಿಲ್ಲದ್ದೆಂದು ಅದು ಹೇಳುತ್ತದೆ. ಬೆಲ್‌ನ ಪತ್ರ ಐದನೆಯ ಕಾರಣವನ್ನು ಒಪ್ಪಿಕೊಳ್ಳುತ್ತದೆಯಷ್ಟೇ ಅಲ್ಲ, ತನ್ನ ಆಟದ ಅಭ್ಯಾಸ ಆ ಹೊತ್ತಿಗೆ ನೆರವಾಯಿತೆಂದು ಹೇಳಿ ಮೊದಲ ಕಾರಣವನ್ನೂ ಒಪ್ಪಿಕೊಳ್ಳುತ್ತದೆ. ಗೆಳೆಯನೂ ಸಹ ಅಧಿಕಾರಿಯೂ ಆಗಿದ್ದ, ಮುಂದೆ ತಾನೂ ವಿಕ್ಟೋರಿಯಾ ಕ್ರಾಸ್ ಪಡೆದ ಆರ್ಚಿ ವೈಟ್, ಹೆಲ್ಮೆಟ್ಟು, ಚೀಲ, ಬಾಂಬುಗಳ ಭಾರ ಹೊತ್ತು ಅಷ್ಟು ವೇಗವಾಗಿ ಓಡಬಲ್ಲವನು ಬೆಲ್‌ನಂಥ ಕ್ರೀಡಾಪಟು ಮಾತ್ರ ಎಂದು ನೆನೆದಿದ್ದಾನೆ. ಎಸೆತ ತಾಗಿದ್ದು ಅದೃಷ್ಟವಿರಬಹುದು, ಎಸೆಯುವಷ್ಟು ಹತ್ತಿರ ತಲುಪಿದ್ದು ವರ್ಷಗಳ ಸಾಧನೆ.

ಇನ್ನು ದೈವದ ಮಾತು. ದೇವರು ತನ್ನನ್ನು ನೋಡಿಕೊಳ್ಳುತ್ತಿದ್ದಾನೆ, ಉಳಿಯುವುದು ಬಿಡುವುದು ಅವನಿಗೆ ಬಿಟ್ಟದ್ದು ಎಂಬ ಭಾವವೂ ಅದೇ ಪತ್ರದಲ್ಲಿದೆ. ಜುಲೈ 10ರಂದು ಕೊಂತಾಲ್‌ಮೇಸೊನ್ ಎಂಬ ಹಳ್ಳಿಯಲ್ಲಿ ಹೆಚ್ಚುಕಡಿಮೆ ಅದೇ ಬಗೆಯ ಸಾಹಸಕ್ಕೆ ಕೈಹಾಕಿದ ಬೆಲ್ ಗುಂಡಿಗೆ ಬಲಿಯಾದ. ಹಾಗಾದರೆ ಐದರಂದು ಕಾಪಾಡಿದ ದೇವರು ಹತ್ತರಂದು ಎಲ್ಲಿದ್ದ, ಐದರಂದೇ ಸತ್ತ ಆ ಜರ್ಮನ್ ಸೈನಿಕನ ತಾಯಿಯ ಪ್ರಾರ್ಥನೆಯನ್ನು ಯಾರು ಕೇಳಿದರು ಎಂದು ಕೇಳಬಹುದು, ಕೇಳಲೇಬೇಕು. ಶ್ರದ್ಧೆಯನ್ನು ಪ್ರಾಣಕ್ಕೆ ಕೊಟ್ಟ ಖಾತರಿಯೆಂದು ತಿಳಿದವರ ಬಳಿ ಈ ಪ್ರಶ್ನೆಗೆ ಉತ್ತರವಿಲ್ಲ. ಆದರೆ ಬೆಲ್ ಬರೆದದ್ದು ಖಾತರಿಯ ಮಾತಲ್ಲ, ಎರಡೂ ಸಾಧ್ಯತೆಗಳನ್ನು ಮೊದಲೇ ಒಪ್ಪಿಸಿಬಿಟ್ಟವನ ಮಾತು. ಅಂಥ ಶ್ರದ್ಧೆಯನ್ನು ಹತ್ತರ ಸಾವು ಸುಳ್ಳಾಗಿಸಲಾರದು. ಜರ್ಮನ್ ಸೈನಿಕನ ಕುರಿತಾದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ, ಅದಕ್ಕೆ ಸಮಾಧಾನ ಹೇಳಹೊರಡುವ ಧರ್ಮಶಾಸ್ತ್ರವನ್ನು ನಂಬದಿರುವುದೇ ಮೇಲು.

ಎರಡು ದಿನಗಳ ಸಂಕಲ್ಪ, ದೇಹ, ಯತ್ನ ಒಂದೇ, ಬೇರೆಯಾದದ್ದು ಫಲ. 1916ರ ಸೆಪ್ಟೆಂಬರ್ 9ರಂದು ಪ್ರಕಟವಾದ ಪದಕದ ಉಲ್ಲೇಖವು ಐದರ ಕೃತ್ಯವನ್ನು ವಿವರವಾಗಿ ಹೇಳಿ, ಹತ್ತರದ್ದನ್ನು ಕೊನೆಯ ಒಂದು ವಾಕ್ಯದಲ್ಲಿ ಮುಗಿಸುತ್ತದೆ. ಹತ್ತರದ್ದಷ್ಟೇ ನಡೆದು ಐದರದ್ದು ನಡೆಯದೆ ಹೋಗಿದ್ದರೆ ಈ ಮೇಷ್ಟರಿಗೆ ಬಹುಶಃ ಯಾವ ಪದಕವೂ ಸಿಗುತ್ತಿರಲಿಲ್ಲ, ಆದರೆ ಅವನ ಧೈರ್ಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.